ಕೆಳಗಿನ ರೆಫ್ರಿ ಕುಸುಮ

ಆಗ ನನಗೆ ಅರವತ್ತೆರಡು. ಅದಾಗಿ ಈಗ ಹನ್ನೊಂದು ವರ್ಷ ಆಯಿತು. ಗಂಡಸರ ವಾಲಿಬಾಲ್ ಫೈನಲ್ ನಡೆಯುತ್ತಿದ್ದ ಮೈದಾನದಲ್ಲಿ ಒಬ್ಬಳೇ ಹೆಂಗಸು ನಿಂತಿದ್ದಳು. ಬಿಳಿ ಶರ್ಟು, ನೀಲಿ ಪ್ಯಾಂಟು, ಬಾಯಲ್ಲಿ ವಿಸಿಲ್, ಕಣ್ಣು ಆಟಗಾರರ ಕಾಲಿನ ಮೇಲೆ. ಅವಳೇ ಕುಸುಮ. ಪಣಂಬೂರಿನಲ್ಲಿ ನಮ್ಮ ಮನೆಯ ಆಚೆಮನೆಯವಳು, ನನಗಿಂತ ಬಹಳ ಚಿಕ್ಕವಳು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ವಿಂಗಡಿಸುವ ಕೆಲಸ. ಆದಿತ್ಯವಾರ ಮಾತ್ರ ರೆಫ್ರಿ.

ವಾಲಿಬಾಲಿನಲ್ಲಿ ರೆಫ್ರಿ ಇಬ್ಬರು. ಒಬ್ಬರು ನೆಟ್ಟಿನ ಒಂದು ಬದಿ ಎತ್ತರದ ಕುರ್ಚಿಯ ಮೇಲೆ. ಇನ್ನೊಬ್ಬರು ಎದುರು ಬದಿ, ನೆಲದ ಮೇಲೆ. ಕೆಳಗಿನವರಿಗೆ ಸೆಕೆಂಡ್ ರೆಫ್ರಿ ಎನ್ನುತ್ತಾರೆ. ಯಾರ ಮೈ ನೆಟ್ಟಿಗೆ ತಾಗಿತು, ಯಾರ ಕಾಲು ನಡುಗೆರೆ ದಾಟಿತು ಎಂದು ಅವರು ನೋಡಬೇಕು. ವಿಸಿಲ್ ಊದಿ ತಪ್ಪು ಎಂಥದು ಎಂದು ತೋರಿಸಬಹುದು. ಆದರೆ ಪಾಯಿಂಟ್ ಯಾರಿಗೆ ಎಂದು ಮೇಲಿನವರು ಕೈ ಚಾಚಿದ ಮೇಲೆಯೇ ಕೆಳಗಿನವರು ಚಾಚುವುದು. ಇದೆಲ್ಲ ನನಗೆ ಕುಸುಮ ಹೇಳಿಕೊಟ್ಟದ್ದು. ನಾನು ಮೂರನೇ ಕ್ಲಾಸು. ಮೀನು ಮಾರಿ ಬದುಕಿದವಳು.

ಅವಳು ಎಲ್ಲಿ ಹೋದರೂ ಕಾಲೇ ನೋಡುತ್ತಿದ್ದಳು. ಮದುವೆ ಮನೆಯಲ್ಲಿ ಮುಖ ಎತ್ತದೆ ಬಂದವರು ಯಾರು ಎಂದು ಹೇಳುತ್ತಿದ್ದಳು. "ಎಂತ ಮಾರಾಯ್ತಿ, ಜನರ ಮುಖ ನೋಡ್ಲಿಕ್ಕೆ ಆಗುದಿಲ್ವಾ ನಿನಗೆ?" ಎಂದರೆ, "ಮುಖ ನೋಡಿದ್ರೆ ಎಲ್ಲರೂ ಸಾಚಾ ಗಿರಿಜಕ್ಕ" ಎನ್ನುತ್ತಿದ್ದಳು. ಪ್ಯಾಂಟು ಹಾಕಿ ಓಣಿಯಲ್ಲಿ ನಡೆದರೆ ಅಂಗಡಿಕಟ್ಟೆಯ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಅವಳು ಅವರ ಚಪ್ಪಲಿ ನೋಡುತ್ತಾ, "ದಾಮಣ್ಣ, ಎಡದ್ದರ ಬಾರು ಹೋಗಿದೆ" ಎಂದು ಮುಂದೆ ಹೋಗುತ್ತಿದ್ದಳು.

ಒಂದು ಮ್ಯಾಚಿನಲ್ಲಿ ಚೆಂಡು ತಡೆಯುವವನ ಬೆರಳಿಗೆ ತಾಗಿ ಹೊರಗೆ ಬಿತ್ತು. ಮೇಲಿನವರಿಗೆ ಕಾಣಲಿಲ್ಲ. ಕುಸುಮ ಒಂದು ಕೈಯ ಬೆರಳ ತುದಿಯನ್ನು ಇನ್ನೊಂದು ಕೈಯಿಂದ ಸವರಿ ತೋರಿಸಿದಳು. ಅವರು ನೋಡಲೇ ಇಲ್ಲ, ಪಾಯಿಂಟ್ ತಡೆದವನ ಕಡೆಗೇ ಕೊಟ್ಟರು. ಅವಳು ಕೈ ಇಳಿಸಿದಳು. ಮನೆಗೆ ಬರುವಾಗ ನನಗೆ ತಡೆಯಲಿಲ್ಲ.

"ಬೊಬ್ಬೆ ಹಾಕ್ಬಾರ್ದಾ ನಿನಗೆ? ಬಾಯಲ್ಲಿ ಎಂತ ಕಡುಬು ಇತ್ತಾ?"

"ಅದು ಮೇಲಿನವರ ಲೆಕ್ಕ ಅಕ್ಕ. ನಾವು ತೋರಿಸ್ಲಿಕ್ಕೆ ಉಂಟು, ಹಟ ಹಿಡೀಲಿಕ್ಕೆ ಇಲ್ಲ. ಹಾಗೆ ರೂಲ್ಸು."

"ಆ ರೂಲ್ಸು ಬರೆದವನಿಗೆ ಹೆಂಡತಿ ಇರ್ಲಿಲ್ಲ ಕಾಣ್ತದೆ."

ಅವಳು ನಕ್ಕಳು. ಮತ್ತೆ ಹೇಳಿದಳು: "ರೆಫ್ರಿ ಪರೀಕ್ಷೆ ಅವರೂ ಪಾಸು, ನಾನೂ ಪಾಸು. ಗಂಡಸರ ಮ್ಯಾಚಿಗೆ ನನ್ನನ್ನು ಕೆಳಗೇ ನಿಲ್ಲಿಸ್ತಾರೆ. ಒಂದು ಫೈನಲ್ ಮೇಲಿಂದ ಮಾಡ್ಬೇಕು ಅಕ್ಕ. ಒಂದು ಸಾಕು." ಅವಳು ಏನಾದರೂ ಬೇಕು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ.

ಆ ಫೈನಲಿನ ದಿನ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಮರದಡಿ ಬುಟ್ಟಿ ಕವುಚಿ ಹಾಕಿ ಕೂತಿದ್ದೆ. ಆಟ ನಡೆಸುವುದು ನಮ್ಮ ಊರಿನ ಸಂಘ, ಅದಕ್ಕೆ ಸೆಕ್ರೆಟರಿ ನನ್ನ ಮಗ ದಿನೇಶ. ಮೇಲಿನ ಕುರ್ಚಿಯಲ್ಲಿ ಪುರಂದರ ಮಾಸ್ಟ್ರು. ಮೂರನೇ ಸೆಟ್ಟು ನಡೆಯುವಾಗ ಮಾಸ್ಟ್ರು ಕಂಬ ಹಿಡಿದು ಹಾಗೇ ಜಾರಿದರು. ನಾಲ್ಕು ಜನ ಎತ್ತಿ ಇಳಿಸಿದರು. ಸತ್ತದ್ದೇನಲ್ಲ, ಊಟ ಬಿಟ್ಟು ಸಕ್ಕರೆ ಇಳಿದದ್ದು. ರಿಕ್ಷಾದಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದರು.

ದಿನೇಶ ಮೈಕಿನಲ್ಲಿ ಸುರು ಮಾಡಿದ: "ಬಂದವರಲ್ಲಿ ಯಾರಾದ್ರೂ ರೆಫ್ರಿ ಇದ್ರೆ ದಯವಿಟ್ಟು ಸ್ಟೇಜಿನ ಹತ್ರ ಬನ್ನಿ."

ಕುಸುಮ ಆಗಲೇ ಮೈದಾನ ದಾಟಿ ಬಂದು ಕುರ್ಚಿಯ ಬುಡದಲ್ಲಿ ನಿಂತಿದ್ದಳು. "ದಿನೇಶ, ರೆಫ್ರಿ ಇಲ್ಲಿ ಇದ್ದಾಳೆ. ಯಾರನ್ನು ಕರೀತಾ ಇದ್ದಿ?"

"ಅಲ್ಲ ಕುಸುಮಕ್ಕ, ಇದು ಫೈನಲ್. ಬಜಪೆಯಿಂದ ಬಂದ ಟೀಮಿನವರು ಒಪ್ಪಬೇಕಲ್ಲ?"

"ಅವರನ್ನು ಕೇಳ್ಲಿಕ್ಕೆ ಇಲ್ಲ. ಮೇಲಿನವರಿಗೆ ಆಗದಿದ್ರೆ ಕೆಳಗಿನವರು ಹತ್ತುದು. ರೂಲ್ಸ್ ಪುಸ್ತಕದಲ್ಲಿ ಉಂಟು. ಇದಕ್ಕೆ ನಾನು ಹಟ ಹಿಡೀತೇನೆ."

ದಿನೇಶ ತಲೆ ಕೆರೆದ. ಅವನಿಗೆ ನಗುವ ಜನರದ್ದೇ ಹೆದರಿಕೆ. ನಾನು ಎದ್ದು ಹೋದೆ.

"ದಿನೇಶಾ, ನೀನು ಹುಟ್ಟುವಾಗ ಡಾಕ್ಟ್ರು ರಜೆಯಲ್ಲಿದ್ರು. ನರ್ಸಮ್ಮನೇ ಹೆರಿಗೆ ಮಾಡಿಸಿದ್ದು. ಡಾಕ್ಟ್ರು ಬರ್ಲಿ ಅಂತ ನಿನ್ನನ್ನು ಹೊಟ್ಟೆಯೊಳಗೇ ಹಿಡ್ಕೊಂಡು ಕೂತ್ಕೊಳ್ಬೇಕಿತ್ತಾ ನಾನು?"

ಮೈಕು ಅವನ ಕೈಯಲ್ಲಿತ್ತು. ಆರಿಸಿರಲಿಲ್ಲ. ಇಡೀ ಮೈದಾನಕ್ಕೆ ಕೇಳಿತು. ಬಜಪೆಯ ಕ್ಯಾಪ್ಟನ್ ಹೊಟ್ಟೆ ಹಿಡಿದು ನಗುತ್ತಾ, "ನಮಗೆ ಯಾರಾದ್ರೂ ಆಗ್ತದೆ ಮಾರಾಯ್ರೇ, ಬೇಗ ಹತ್ತಿಸಿ, ಮೈ ತಣ್ಣಗಾಗ್ತಾ ಉಂಟು" ಎಂದ. ಕುಸುಮ ಹತ್ತಿದಳು. ಅವಳ ಜಾಗದಲ್ಲಿ, ಗೆರೆ ನೋಡುತ್ತಿದ್ದ ಶೇಖರನನ್ನು ನಿಲ್ಲಿಸಿದರು.

ಹತ್ತಿದ ಮೇಲೆ ಮೊದಲ ಪಾಯಿಂಟಿಗೇ ಎಡವಟ್ಟು. ಒಬ್ಬನ ಎದೆ ನೆಟ್ಟಿಗೆ ತಾಗಿತು. ಅವಳು ಗಟ್ಟಿಯಾಗಿ ಊದಿ, ನೆಟ್ಟು ತಾಗಿದ್ದನ್ನು ತೋರಿಸಿದಳು. ಅಷ್ಟೇ. ಆಮೇಲೆ ಎದುರು ಬದಿ ನೋಡಿಕೊಂಡು ಕೂತಳು. ಶೇಖರ ಅವಳನ್ನು ನೋಡಿದ. ಆಡುವವರು ಇಬ್ಬರನ್ನೂ ನೋಡಿದರು. ಚೆಂಡು ಯಾರಿಗೆ ಕೊಡುವುದೆಂದು ಯಾರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ಮೇಲಿನವರ ಕೈಗೆ ಕಾದ ಅಭ್ಯಾಸ. ಆ ದಿನವೂ ಮೇಲಿನವರು ಕೈ ಚಾಚಲಿ ಎಂದು ಕಾಯುತ್ತಾ ಇದ್ದಾಳೆ!

ಜನರಲ್ಲಿ ಗುಸುಗುಸು ಎದ್ದಿತು. ದಿನೇಶ ಹಣೆ ಒತ್ತಿಕೊಂಡ. ಕೊನೆಗೆ ಶೇಖರ ಕೆಳಗಿನಿಂದ, "ಮೇಡಂ, ಮೇಲಿನವರು ನೀವೇ" ಎಂದ.

ಕುಸುಮ ಮೈದಾನದಲ್ಲಿ ನಕ್ಕದ್ದನ್ನು ಆವರೆಗೆ ಯಾರೂ ನೋಡಿರಲಿಲ್ಲ. ಆ ದಿನ ವಿಸಿಲ್ ಬಾಯಿಂದ ಬೀಳುವಷ್ಟು ನಕ್ಕಳು. ಮತ್ತೆ ಬೆನ್ನು ನೇರ ಮಾಡಿ ಬಲಗೈ ಚಾಚಿದಳು. ತೋಳು ಪೂರ್ತಿ, ಬೆರಳು ಪೂರ್ತಿ. ಅಲ್ಲಿಂದ ಮುಂದೆ ಐದನೇ ಸೆಟ್ಟು ಮುಗಿಯುವವರೆಗೆ ಆ ಕೈ ಯಾರಿಗೂ ಕಾಯಲಿಲ್ಲ. ನಮ್ಮ ಊರಿನ ಕ್ಯಾಪ್ಟನ್ ಒಮ್ಮೆ ತಕರಾರಿಗೆ ಬಂದ. ಅವಳು ಅವನ ಮಾತು ಪೂರಾ ಕೇಳಿದಳು, "ಆಯ್ತು, ಈಗ ಆಡು" ಎಂದಳು. ಅವನು ಹೋಗಿ ಆಡಿದ.

ಇಳಿದು ಬಂದಾಗ ಕೇಳಿದೆ, "ಮೇಲೆ ಹೇಗೆ ಉಂಟು?"

"ಗಾಳಿ ಚಂದ ಉಂಟು ಅಕ್ಕ. ಮತ್ತೆ, ಎಲ್ಲರ ನೆತ್ತಿ ಬೋಳಾಗ್ತಾ ಉಂಟು."

ಮುಂದಿನ ವರ್ಷಗಳಲ್ಲಿ ಸಂಘದವರು ಅವಳನ್ನು ಕೆಲವೊಮ್ಮೆ ಮೇಲೆ, ಕೆಲವೊಮ್ಮೆ ಕೆಳಗೆ ಹಾಕಿದರು. ಎಲ್ಲಿ ಹಾಕಿದರೂ ಹೋದಳು. ಹೋದ ಮಳೆಗಾಲದಲ್ಲಿ ಹೊಟ್ಟೆಯಲ್ಲಿ ಗಡ್ಡೆ ಆಯಿತು. ಫಳ್ನೀರಿನ ಆಸ್ಪತ್ರೆಗೆ ನೋಡಲು ಹೋಗಿದ್ದೆ. "ನೋವು ಉಂಟಾ?" ಎಂದು ಕೇಳಿದೆ. "ಉಂಟು. ದಿನೇಶ ಹೇಗಿದ್ದಾನೆ?" ಎಂದಳು. "ಬೈಗಳು ತಿಂದುಕೊಂಡು ಆರಾಮ ಇದ್ದಾನೆ" ಎಂದೆ. ಅದೇ ವಾರ ಹೋದಳು. ನಾನು ಅಳಲಿಲ್ಲ. ಅಳುವವರು ಬೇಕಾದಷ್ಟು ಜನ ಇದ್ದರು. ಈ ವರ್ಷದ ಫೈನಲಿನಲ್ಲಿ ಮೇಲೆಯೂ ಗಂಡಸು, ಕೆಳಗೂ ಗಂಡಸು. ನಾನು ಅರ್ಧದಲ್ಲಿ ಎದ್ದು ಬಂದೆ.

ಅವಳು ಹತ್ತಿದ ಆ ಫೈನಲಿನ ಮರುದಿನ ಬೆಳಿಗ್ಗೆ ದಿನೇಶ ನನ್ನ ಹತ್ತಿರ ಮಾತಾಡದೆ ಚಹಾ ಕುಡಿದ. ಕುಡಿಯಲಿ. ನಾನು ದೋಣಿ ಬರುವ ದಕ್ಕೆಗೆ ಹೋಗಿ ಬಂಗುಡೆ ಮೀನು ತಂದೆ. ದಿನಾ ಹೋಗುವ ಮನೆಗಳಿಗೆ ಹೋಗದೆ ನೇರ ಗೇರುಬೀಜ ಕಾರ್ಖಾನೆಯ ಗೇಟಿಗೆ ಹೋದೆ. ಕುಸುಮ ತಾನಾಗಿ ಬಾಯಿ ಬಿಡುವವಳಲ್ಲ ಎಂದು ನನಗೆ ಗೊತ್ತಿತ್ತು. ಕೆಲಸಕ್ಕೆ ಬರುತ್ತಿದ್ದ ಹೆಂಗಸರನ್ನೆಲ್ಲ ನಿಲ್ಲಿಸಿ, ಬುಟ್ಟಿ ಕೆಳಗಿಟ್ಟು, ಆಟ ಪೂರಾ ಹೇಳಿದೆ. ಕೈ ಚಾಚಿದ್ದನ್ನು ಚಾಚಿಯೇ ತೋರಿಸಿದೆ. ತಡವಾಗಿ ಬಂದವರಿಗೆ ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಮುಗಿಯುವಾಗ ಬಿಸಿಲು ಏರಿ ಬಂಗುಡೆ ಮೆತ್ತಗಾಗಿತ್ತು. ಮನೆಗೆ ತಂದು, ಸೀಳಿ, ಉಪ್ಪು ಹಾಕಿ ಒಣಗಿಸಿದೆ.