ಮುಟ್ಟಬೇಡ ಎಂದಿದ್ದ ಬಾಗಿಲು

ಟಿಂಕರಿಂಗ್ ಮೇಸ್ತ್ರಿಯ ಬಾಯಿಗೂ ಕೈಗೂ ಯಾವತ್ತೂ ಹೊಂದಾಣಿಕೆ ಇರಲಿಲ್ಲ. ಬಾಯಿ ಒಪ್ಪಿಕೊಂಡದ್ದನ್ನು ಕೈ ಕೇಳುತ್ತಿರಲಿಲ್ಲ. ಜಜ್ಜಿದ ತಗಡು ಕಣ್ಣಿಗೆ ಬಿದ್ದರೆ ಸಾಕು, ಅವನ ಬೆರಳುಗಳಿಗೆ ಕಡಿತ ಶುರುವಾಗುತ್ತಿತ್ತು. ನೆಂಟರೊಬ್ಬರ ಮದುವೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಅಡುಗೆಯವರ ಸೊಟ್ಟ ಪಾತ್ರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸೌಟಿನ ಹಿಡಿಯಿಂದ ತಟ್ಟುತ್ತ ಕೂತಿದ್ದ ಮಹಾನುಭಾವ ಅವನು.

ಅವನ ಕೆಲಸದಲ್ಲಿ ಒಂದು ಹಟವಿತ್ತು. ಬೇರೆ ಶೆಡ್ಡುಗಳಲ್ಲಿ ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೊಂದು ಬಣ್ಣ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ಇವನು ಪುಟ್ಟಿಯ ಡಬ್ಬಿಯನ್ನು ಶೆಡ್ಡಿನೊಳಗೇ ಬಿಟ್ಟುಕೊಳ್ಳುವವನಲ್ಲ. ಹೊರಗೆ ಕಬ್ಬಿಣದ ಗಟ್ಟಿಯೊಂದನ್ನು ಆನಿಸಿ ಹಿಡಿದು, ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿಯೇ ತಗಡನ್ನು ಮೊದಲಿನ ಆಕಾರಕ್ಕೆ ತರುತ್ತಿದ್ದ. ಗಾಡಿ ಬಿಡಿಸಿಕೊಳ್ಳಲು ಬಂದವರು "ಪೆಟ್ಟು ಎಲ್ಲಿ ಬಿದ್ದಿತ್ತು?" ಎಂದು ಕೇಳಿದರೆ ಅವತ್ತು ಅವನಿಗೆ ಹೊಟ್ಟೆ ತುಂಬಿದ ಹಾಗೆ. ಕಾಣದ ಕೆಲಸವನ್ನು ಹೊಗಳುವವರು ಯಾರೂ ಇಲ್ಲ ಎನ್ನುವುದು ಮಾತ್ರ ಇದರ ಇನ್ನೊಂದು ಮುಖ. ಸ್ವಂತ ಅಕ್ಕನೇ, ಯಾರಾದರೂ ತಮ್ಮ ಏನು ಮಾಡುತ್ತಾನೆ ಎಂದು ಕೇಳಿದರೆ, "ಅವನಾ? ಏನೋ ತಟ್ಕೊಂಡಿರ್ತಾನೆ" ಎಂದು ಮಾತು ಮುಗಿಸುತ್ತಿದ್ದಳು.

ಅಕ್ಕ ಕಾರು ಕಲಿಸುವವಳು. ತಾಯಿ ತೀರಿಕೊಂಡ ಮೇಲೆ ತಮ್ಮನಿಗೆ ತಲೆ ಬಾಚುವುದರಿಂದ ಹಿಡಿದು ಸೈಕಲ್ಲು ತುಳಿಯುವುದರವರೆಗೆ ಎಲ್ಲವನ್ನೂ ಕಲಿಸಿದವಳೂ ಅವಳೇ. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಬಿಳಿ ಗೆರೆಯ ಹಿಂದೆಯೇ ಗಾಡಿ ನಿಲ್ಲಿಸುವ ಹೆಂಗಸು; ಸುಳ್ಳು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಅವಳ ಒಂದೇ ಒಂದು ಬಿಳಿ ಕಾರನ್ನು, ಕಲಿಯಲು ಬಂದ ದರ್ಜಿಯೊಬ್ಬ ಗೇಟಿನ ಕಂಬಕ್ಕೆ ಗುದ್ದಿಸಿದ್ದ. ಮೂವತ್ತು ವರ್ಷ ಹೊಲಿಗೆ ಮಿಷನ್ನು ತುಳಿದ ಕಾಲು, ಗಾಬರಿಯಲ್ಲಿ ಆಕ್ಸಿಲರೇಟರನ್ನೂ ಹಾಗೇ ತುಳಿದಿತ್ತು. ಮುಂಭಾಗ ಕಂಬಕ್ಕೆ ಬಡಿದು ಮುದ್ದೆಯಾಯಿತು. ಅಕ್ಕ ಕೂರುವ ಕಡೆಯ ಬಾಗಿಲು ಪಕ್ಕದ ಸಿಮೆಂಟು ಕಟ್ಟೆಗೆ ತಾಗಿ ಒಳಕ್ಕೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ದರ್ಜಿಯ ಮಾನ ಒಂದು ಬಿಟ್ಟು.

ಕಾರನ್ನು ತಮ್ಮನ ಶೆಡ್ಡಿಗೆ ಎಳೆಸಿ ತಂದ ದಿನವೇ ಅಕ್ಕ ಬೆರಳೆತ್ತಿ ಹೇಳಿದ್ದಳು. "ಇನ್ಶೂರೆನ್ಸ್‌ನವರಿಗೆ ಬರೆದು ಹಾಕಿದೀನಿ, ಮುಂಭಾಗ ಮತ್ತೆ ಬಾಗಿಲು ಅಂತ. ಸರ್ವೇಯರ್ ಬಂದು ನೋಡೋವರೆಗೂ ಒಂದು ಸ್ಕ್ರೂ ಕೂಡ ಮುಟ್ಬೇಡ ಕಣೋ. ನೋಡಿದ ಮೇಲೆ ನಿನ್ನಿಷ್ಟ."

"ಮುಟ್ಟಲ್ಲ ಅಕ್ಕ," ಎಂದಿತು ಬಾಯಿ.

ಎರಡು ದಿನದಲ್ಲಿ ಬರುತ್ತೇನೆಂದಿದ್ದ ಸರ್ವೇಯರ್ ಎರಡು ವಾರವಾದರೂ ಪತ್ತೆಯಿಲ್ಲ. ಅಕ್ಕ ಸುಮ್ಮನೆ ಕೂರುವ ಜಾತಿಯಲ್ಲ. ಆರು ಜನ ಕಲಿಯುವವರನ್ನು ಮನೆಯ ಮುಂದಿನ ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಸ್ಟೀಲ್ ತಟ್ಟೆ ಕೊಟ್ಟು, ಕಾಲ ಕೆಳಗೆ ಮೂರು ಇಟ್ಟಿಗೆ ಇಟ್ಟು, ಕ್ಲಚ್ಚು, ಬ್ರೇಕು ಎಂದು ಪಾಠ ನಡೆಸಿದಳು. ದರ್ಜಿಯೂ ತಪ್ಪದೆ ಬಂದು ತಟ್ಟೆ ತಿರುಗಿಸುತ್ತಿದ್ದ. ಆದರೆ ತಟ್ಟೆ ಹಿಡಿದು ಪರೀಕ್ಷೆ ಪಾಸಾಗುವುದುಂಟೆ? ಇಬ್ಬರು ಆಗಲೇ ಬೇರೆ ಕಡೆ ವಿಚಾರಿಸತೊಡಗಿದ್ದರು. ಕ್ಲೇಮು ಬರದಿದ್ದರೆ ಮುಂಭಾಗದ ಸಾಮಾನು ತರಿಸಲು ಅವಳಿಗೆ ದಾರಿಯಿರಲಿಲ್ಲ, ಕಾರಿಲ್ಲದಿದ್ದರೆ ಡ್ರೈವಿಂಗ್ ಶಾಲೆಯೂ ಇಲ್ಲ.

ಇತ್ತ ಶೆಡ್ಡಿನಲ್ಲಿ ಆ ಬಾಗಿಲು ದಿನಾ ಬೆಳಿಗ್ಗೆ ಮೇಸ್ತ್ರಿಯನ್ನೇ ನೋಡುತ್ತಿತ್ತು. ಅವನು ಅದರ ಮೇಲೆ ಬಟ್ಟೆ ಹೊದಿಸಿದ. ಬೆನ್ನು ತಿರುಗಿಸಿ ಕೂತ. ಹದಿಮೂರನೆಯ ದಿನ ಬೇರೆ ಕೆಲಸ ಇರಲಿಲ್ಲ. ಮುಂಭಾಗ ಹೇಗೂ ಮುಟ್ಟುವ ಹಾಗಿಲ್ಲ, ಬಾಗಿಲೊಂದಾದರೂ ಮುಗಿದಿದ್ದರೆ ಅಕ್ಕನಿಗೆ ಒಂದು ದಿನ ಉಳಿಯುತ್ತದೆ ಎಂದು ಕೈ ವಾದ ಹೂಡಿತು. ಬಟ್ಟೆ ಸರಿಸಿ ಸಣ್ಣ ಸುತ್ತಿಗೆ ಎತ್ತಿಯೂ ಆಯಿತು. ಪಕ್ಕದ ಶೆಡ್ಡಿನ ಪೇಂಟರ್ ಅವತ್ತೇ ಗನ್ನಿಗೆ ಬಿಳಿ ಬಣ್ಣ ತುಂಬಿಕೊಂಡಿದ್ದ. ಸಂಜೆಯ ಹೊತ್ತಿಗೆ ಬಾಗಿಲು ಶೋರೂಮಿನಿಂದ ಇಳಿದ ಹಾಗಿತ್ತು.

ಹದಿನೈದನೆಯ ದಿನ ಸರ್ವೇಯರ್ ಬಂದ. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು, ಜೇಬಿನಲ್ಲಿ ಟಾರ್ಚು. ಸುದ್ದಿ ತಿಳಿದು ಅಕ್ಕನೂ ಓಡಿಬಂದಳು. ಅವನು ಮುಂಭಾಗ ನೋಡಿದ, ಬರೆದುಕೊಂಡ. ಪಕ್ಕಕ್ಕೆ ಬಂದು ಬಾಗಿಲು ನೋಡಿದ, ಫೈಲು ನೋಡಿದ, ಮತ್ತೆ ಬಾಗಿಲು ನೋಡಿದ.

"ಬಾಗಿಲಲ್ಲಿ ಪೆಟ್ಟು ಎಲ್ಲಿದೆ ಮೇಡಂ?"

ಅಕ್ಕ ಬಾಗಿಲು ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು. ತಮ್ಮ ಶೆಡ್ಡಿನ ಚಾವಣಿಯನ್ನು ನೋಡುತ್ತಿದ್ದ.

"ನಾನು ಸರಿ ಮಾಡ್ಬಿಟ್ಟೆ ಸಾರ್," ಎಂದ. "ಮೊನ್ನೆ."

ಸರ್ವೇಯರ್ ಜೇಬಿನಿಂದ ಸಣ್ಣದೊಂದು ಅಯಸ್ಕಾಂತ ತೆಗೆದ. ಪುಟ್ಟಿ ಮೆತ್ತಿದ ಜಾಗದಲ್ಲಿ ಅದು ಕಚ್ಚಿಕೊಳ್ಳದೆ ಜಾರಿ ಬೀಳುತ್ತದೆ. ರಿಪೇರಿ ಹಿಡಿಯಲು ಅವನ ಉಪಾಯ ಅದೇ. ಬಾಗಿಲಿನ ಉದ್ದಗಲಕ್ಕೂ ಇಟ್ಟು ನೋಡಿದ. ಎಲ್ಲ ಕಡೆಯೂ ಟಕ್ಕೆಂದು ಅಂಟಿತು.

"ಪುಟ್ಟಿ ಎಲ್ಲೂ ಇಲ್ಲ. ಬಣ್ಣ ಹೊಸದು, ಗೀರು ಬಿದ್ದಿತ್ತೇನೋ. ನೀವು ಬಾಗಿಲೇ ಕುಸಿದಿತ್ತು ಅಂತ ಬರೆದಿದೀರಿ."

"ಫೋಟೋ ಕಳಿಸಿದೀನಲ್ಲ," ಎಂದಳು ಅಕ್ಕ.

"ಫೋಟೋದಲ್ಲಿ ಬಿಳಿ ಬಾಗಿಲಿದೆ, ನಂಬರ್ ಪ್ಲೇಟಿಲ್ಲ. ಊರು ತುಂಬ ಬಿಳಿ ಕಾರುಗಳೇ ಮೇಡಂ. ಸುಳ್ಳು ಕ್ಲೇಮು ಅಂತ ಆದ್ರೆ ಪೂರ್ತಿ ಫೈಲೇ ವಾಪಸ್." ಅವನಿಗೇ ಪಾಪ ಅನ್ನಿಸಿರಬೇಕು, ದನಿ ತಗ್ಗಿಸಿದ. "ಒಂದು ಕೆಲ್ಸ ಮಾಡಿ. ಬಾಗಿಲಿಗೆ ಏನೂ ಆಗಿರ್ಲಿಲ್ಲ, ತಪ್ಪಾಗಿ ಬರೆದೆ ಅಂತ ಸೈನ್ ಹಾಕಿ. ಮುಂಭಾಗದ್ದು ಮಾಡ್ಕೊಡ್ತೀನಿ."

"ಆಗಿತ್ತಲ್ಲ," ಎಂದಳು ಅಕ್ಕ. "ಆಗಿದ್ದನ್ನ ಆಗಿಲ್ಲ ಅಂತ ಹೇಗೆ ಬರೀಲಿ?"

ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಬದುಕಿನಲ್ಲಿ ಒಂದು ಸಲವೂ ಸುಳ್ಳು ಬರೆಯದವಳನ್ನು ಅವನ ಕೈ ಸುಳ್ಳಿಯನ್ನಾಗಿ ಮಾಡಿತ್ತು. ಅದೂ ಚೆನ್ನಾಗಿ ಕೆಲಸ ಮಾಡಿದ ತಪ್ಪಿಗೆ. ಸ್ವಲ್ಪ ಪುಟ್ಟಿ ಮೆತ್ತಿದ್ದರೆ ಅಕ್ಕ ಗೆದ್ದಿರುತ್ತಿದ್ದಳು. ಅವನು ಗೋಡೆಯಿಂದ ದೊಡ್ಡ ಸುತ್ತಿಗೆಯನ್ನೇ ತೆಗೆದುಕೊಂಡ.

"ಸಾರ್, ಐದು ನಿಮಿಷ ಕೊಡಿ. ಫೋಟೋ ಪಕ್ಕದಲ್ಲಿಟ್ಕೊಂಡು ಹೇಗಿತ್ತೋ ಹಾಗೇ ಜಜ್ಜಿ ತೋರಿಸ್ತೀನಿ."

"ಲೋ, ಸುತ್ತಿಗೆ ಇಡು," ಎಂದಳು ಅಕ್ಕ. ಚಿಕ್ಕಂದಿನಲ್ಲಿ ಬ್ಲೇಡು ಇಡು ಎನ್ನುತ್ತಿದ್ದ ದನಿಯಲ್ಲೇ. ಅವನು ಇಟ್ಟ. ಇಡುವಾಗ ಸುತ್ತಿಗೆಯ ಮೂತಿ ಕಂಡಿತು. ಮೂತಿ ಕಂಡಾಗ ತಲೆಗೆ ಹೊಳೆಯಿತು. ಒಂದು ಕ್ಷಣ ಹಿಂದೆಮುಂದೆ ನೋಡಿದ. ಹೊರಗಿನದನ್ನು ಲೋಕಕ್ಕೆಲ್ಲ ತೋರಿಸಬಲ್ಲವನಿಗೆ ಒಳಗಿನದನ್ನು ತೋರಿಸಲು ನಾಚಿಕೆ. ಆದರೂ ಸ್ಕ್ರೂಡ್ರೈವರ್ ತೆಗೆದು, ಬಾಗಿಲಿನ ಒಳಮೈಗೆ ಹೊದಿಸಿದ್ದ ಡೋರ್ ಪ್ಯಾಡನ್ನು ಬಿಚ್ಚಿ ಪಕ್ಕಕ್ಕಿಟ್ಟ.

"ಟಾರ್ಚು ಬಿಡಿ ಸಾರ್."

ಸರ್ವೇಯರ್ ಬಗ್ಗಿ ಟಾರ್ಚು ಬಿಟ್ಟ. ಒಳಗಿನ ತಗಡಿನ ಮೇಲೆ, ಕುಸಿದಿದ್ದ ಜಾಗದುದ್ದಕ್ಕೂ ಸುತ್ತಿಗೆಯ ಗುರುತುಗಳು, ಒಂದೊಂದೂ ಕಡಲೆ ಕಾಳಿನಷ್ಟು, ಒತ್ತೊತ್ತಾಗಿ, ಸಾವಿರವೋ ಎರಡು ಸಾವಿರವೋ. ಫೋಟೋದ ತಗ್ಗು ಯಾವ ಆಕಾರದಲ್ಲಿತ್ತೋ ಗುರುತುಗಳೂ ಅದೇ ಆಕಾರದಲ್ಲಿದ್ದವು. ಅವನು ಫೋಟೋ ಹಿಡಿದು ಹೋಲಿಸಿದ. ತುಂಬ ಹೊತ್ತು ಬಗ್ಗಿಯೇ ಇದ್ದ.

"ಹನ್ನೆರಡು ವರ್ಷದಿಂದ ಈ ಕೆಲ್ಸದಲ್ಲಿದೀನಿ," ಎಂದ ನೆಟ್ಟಗಾಗುತ್ತ. "ಇಂಥದ್ದು ನೋಡಿಲ್ಲ. ಬಾಗಿಲೂ ಸೇರಿಸ್ತೀನಿ ಮೇಡಂ." ಬರೆದ, ಸಹಿ ಹಾಕಿಸಿಕೊಂಡ, ಹೋದ.

ಈಗ ಬೈಗುಳ ಎಂದು ಮೇಸ್ತ್ರಿ ತಲೆ ತಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಅಕ್ಕ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಳಗೆ ಕೈ ಹಾಕಿ, ಆ ಗುರುತುಗಳ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದಳು.

"ಇಷ್ಟೂ ತಟ್ಟಿದ್ಯಾ?"

"ಹೂಂ."

"ಎಲ್ಲಾ ಗಾಡಿಗೂ ಹೀಗೇನಾ?"

"ಹೂಂ ಅಕ್ಕ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಶೆಡ್ಡಲ್ಲಿ ಧೂಳು ಜಾಸ್ತಿ ಎಂದು ಗೊಣಗಿದಳು. ಕ್ಲೇಮು ಬರುವವರೆಗೆ ಮುಂಭಾಗ ಕ್ಷೇಮವಾಗಿರಲಿ ಎಂದು ಅವನ ಸುತ್ತಿಗೆಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಒಯ್ದಳು.

ಕ್ಲೇಮು ಬಂತು, ಮುಂಭಾಗ ಎದ್ದಿತು, ಕಾರು ರಸ್ತೆಗಿಳಿಯಿತು. ಡೋರ್ ಪ್ಯಾಡ್ ಮಾತ್ರ ಇವತ್ತಿಗೂ ಶೆಡ್ಡಿನ ಮೂಲೆಯಲ್ಲಿದೆ. ಹಾಕುತ್ತೇನೆಂದು ಮೇಸ್ತ್ರಿ ಎಷ್ಟು ಗೋಗರೆದರೂ ಅಕ್ಕ ಬಿಡುವುದಿಲ್ಲ. ಬಾಗಿಲು ಬೋಳುಬೋಳಾಗಿ ಒಳಗಿನದೆಲ್ಲ ಕಾಣುತ್ತದೆ, ಅವನಿಗೆ ನೋಡಿದಾಗಲೆಲ್ಲ ಮುಜುಗರ. ಮೊನ್ನೆ ಪರೀಕ್ಷೆ ಪಾಸಾದ ದರ್ಜಿ, ಇದಕ್ಕೊಂದು ಚೆಂದದ ಬಟ್ಟೆ ಹೊಲಿದುಕೊಡಲೇ ಎಂದು ಕೇಳಿದನಂತೆ.

"ಬೇಡ," ಎಂದಳಂತೆ ಅಕ್ಕ. "ಅದು ನನ್ನ ತಮ್ಮನ ಕೆಲ್ಸ. ಕಾಣ್ಲಿ."