ಅರಿಶಿನ-ಕುಂಕುಮದ ದುಡ್ಡು

ಬ್ಯಾಟರಾಯನಪುರದ ಒಳರಸ್ತೆಯೊಂದರಲ್ಲಿ ಪದ್ಮಶ್ರೀಯ ಅಂಗಡಿ ಇದೆ. ಶಾಲೆ ಮಕ್ಕಳಿಗೆ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ. ಕೃಷ್ಣನ ಕಿರೀಟ, ಓಬವ್ವನ ಒನಕೆ, ಸೈನಿಕರ ಟೋಪಿ, ಚಿಟ್ಟೆಯ ರೆಕ್ಕೆ, ಬಟ್ಟೆಯಲ್ಲಿ ಹೊಲಿದ ಬದನೆಕಾಯಿ, ಎಲ್ಲವೂ ಅಲ್ಲಿ ಸಿಗುತ್ತವೆ. ಆಗಸ್ಟ್ ಹದಿನೈದು ಹತ್ತಿರ ಬಂದಾಗ ತಾಯಂದಿರು ಮೆಟ್ಟಿಲು ದಾಟಿ ರಸ್ತೆಯವರೆಗೂ ನಿಂತಿರುತ್ತಾರೆ.

ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಈ ಅಂಗಡಿಗೆ ಬಂದ ಕಷ್ಟ ಅಷ್ಟಿಷ್ಟಲ್ಲ. ಎರಡು ವರ್ಷ ಆ ಬಡಾವಣೆಯಲ್ಲಿ ಒಂದು ಮಗುವೂ ಕೃಷ್ಣನಾಗಲಿಲ್ಲ. ಗಂಡ ಬಾಲರಾಜುವಿಗೆ ಪೀಣ್ಯದ ಕಾರ್ಖಾನೆಯಲ್ಲಿ ಅರ್ಧ ಸಂಬಳ. ಮಗಳು ಮಂಜುಶ್ರೀಯ ಫೀಸು ಮಾತ್ರ ಪೂರ್ತಿ. ಅಂಗಡಿ ಬಿಟ್ಟರೆ ಮತ್ತೆ ಅಂಥ ಜಾಗ ಸಿಗುವುದಿಲ್ಲ ಎಂದು ಪದ್ಮಶ್ರೀ ಬಾಡಿಗೆ ಕಟ್ಟುತ್ತಲೇ ಹೋದಳು. ಕಟ್ಟಿದ್ದು ಕ್ರೆಡಿಟ್ ಕಾರ್ಡಿನಿಂದ. ಅದು ತುಂಬಿದಾಗ ಎರಡನೆಯದು ಬಂತು. ಎರಡನೆಯದರ ಬಾಕಿ ಮುಟ್ಟಿಸಲು ಮೂರನೆಯದು.

ಶಾಲೆಗಳು ತೆರೆದವು, ವ್ಯಾಪಾರ ಚಿಗುರಿತು, ಸಾಲ ಮಾತ್ರ ಕರಗಲಿಲ್ಲ. ಬಿಲ್ಲಿನಲ್ಲಿ ಒಟ್ಟು ಬಾಕಿಯ ಕೆಳಗೆ 'ಕನಿಷ್ಠ ಪಾವತಿ' ಎಂಬ ಚಿಕ್ಕ ಮೊತ್ತ ಇರುತ್ತಿತ್ತು. ಪದ್ಮಶ್ರೀ ಅದನ್ನು ಒಂದು ತಿಂಗಳೂ ತಪ್ಪಿಸದೆ ಕಟ್ಟಿದಳು. ಕಟ್ಟಿದ್ದೆಲ್ಲ ಬಡ್ಡಿಗೇ ಹೋಗುತ್ತಿತ್ತು. ಎಷ್ಟೋ ವರ್ಷ ನಡೆದ ಮೇಲೂ ತಾನು ನಿಂತಲ್ಲೇ ನಿಂತಿದ್ದೇನೆ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಮೂರೂ ಕಾರ್ಡು ಸೇರಿ ಆರು ಲಕ್ಷದ ಹತ್ತಿರ ಬಂದಿತ್ತು.

ಅಂಥ ಹೊತ್ತಿನಲ್ಲಿ ಅವಳ ಅಣ್ಣ ಅನಂತರಾಜು ಅಂಗಡಿಗೆ ಬಂದ. ಹುಣಸಮಾರನಹಳ್ಳಿಯಲ್ಲಿ ತೀರಿಹೋದ ತಂದೆಯ ಒಂದು ಎಕರೆ ಚಿಲ್ಲರೆ ಜಮೀನಿತ್ತು. ಏರ್‌ಪೋರ್ಟ್ ರಸ್ತೆಗೆ ಹತ್ತಿರದ ಜಾಗ.

"ಜಮೀನು ಬಿಲ್ಡರ್‌ಗೆ ಕೊಡ್ತಾ ಇದೀನಿ ಪದ್ಮ. ಅವ್ನು ಅಪಾರ್ಟ್‌ಮೆಂಟ್ ಕಟ್ಟಿ ನಮ್ ಪಾಲಿಗೆ ಇಷ್ಟು ಫ್ಲ್ಯಾಟು ಅಂತ ಕೊಡ್ತಾನೆ. ಹಕ್ಕು ಬಿಟ್ಕೊಟ್ಟಿದೀನಿ ಅಂತ ನಿನ್ದೊಂದು ಸೈನ್ ಬೇಕು. ಅರಿಶಿನ ಕುಂಕುಮಕ್ಕೆ ಅಂತ ಎಂಟು ಲಕ್ಷ ಕೊಡ್ತೀನಿ."

ತಂಗಿಯರಿಗೆ ಹೀಗೆ ಒಂದಿಷ್ಟು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಆ ಕಡೆಯ ಊರುಗಳಲ್ಲಿ ಹೊಸದಲ್ಲ. ಕಾನೂನಿನಲ್ಲಿ ತನ್ನ ಭಾಗ ಎಂಟು ಲಕ್ಷಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದು ಪದ್ಮಶ್ರೀಗೆ ಗೊತ್ತಿತ್ತು. ಆದರೂ ಆ ಮೊತ್ತ ಕಿವಿಗೆ ಬಿದ್ದ ಕೂಡಲೇ ಅವಳ ಮನಸ್ಸು ಓಡಿದ್ದು ಜಮೀನಿನ ಕಡೆಗಲ್ಲ, ಕಾರ್ಡುಗಳ ಕಡೆಗೆ. ಮೂರೂ ತೀರುತ್ತವೆ, ಇನ್ನೂ ಉಳಿಯುತ್ತದೆ. ಪೆನ್ನು ಕೊಟ್ಟಿದ್ದರೆ ಅಲ್ಲೇ ಸಹಿ ಹಾಕಿಬಿಡುತ್ತಿದ್ದಳೇನೋ. ಅಷ್ಟರಲ್ಲಿ ಯಾರೋ ತಾಯಿ ಮಗುವನ್ನು ಎತ್ತಿಕೊಂಡು ಚಿಟ್ಟೆಯ ರೆಕ್ಕೆ ಕೇಳಲು ಬಂದಳು. "ಭಾನುವಾರ ಮನೆಗೇ ಬರ್ತೀನಿ ಅಣ್ಣ," ಎಂದಳು ಪದ್ಮಶ್ರೀ.

ಸಂಜೆ ಬಾಲರಾಜು ಎಲ್ಲವನ್ನೂ ಕೇಳಿಸಿಕೊಂಡ.

"ಕೇಸ್ ಹಾಕಿದ್ರೆ ನಿನ್ ಭಾಗ ಬರುತ್ತೆ. ಬರೋ ಹೊತ್ಗೆ ಮಂಜು ಮಕ್ಕಳು ಕಾಲೇಜಿಗೆ ಹೋಗ್ತಿರ್ತವೆ," ಎಂದ. "ಸೈನ್ ಹಾಕು ಅಂತಲೂ ನಾನು ಹೇಳಲ್ಲ. ಅದು ನಿಮ್ಮಪ್ಪನ ಜಮೀನು," ಎಂದು ಎದ್ದು ಹೋದ.

ಭಾನುವಾರ ಪದ್ಮಶ್ರೀ ಒಬ್ಬಳೇ ಬಸ್ಸು ಹತ್ತಿ ತವರಿಗೆ ಹೋದಳು. ತಾಯಿ ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅನಂತರಾಜು ಕಾಗದಗಳನ್ನು ಸಿದ್ಧಮಾಡಿಕೊಂಡೇ ಕೂತಿದ್ದ.

"ಅಣ್ಣ, ನಂಗೆ ಕಾರ್ಡಿಂದು ಆರು ಲಕ್ಷ ಸಾಲ ಐತೆ," ಎಂದಳು ಪದ್ಮಶ್ರೀ. ತವರಿನಲ್ಲಿ ಈ ಮಾತನ್ನು ಅವಳು ಇದುವರೆಗೆ ಆಡಿರಲಿಲ್ಲ. "ನೀನು ಕೊಡೋ ದುಡ್ಡು ನಂಗೆ ಇವತ್ತೇ ಬೇಕು. ಇದನ್ನ ಮುಚ್ಚಿಟ್ಕೊಂಡು ನಾನು ನಿನ್ ಹತ್ರ ಚೌಕಾಶಿ ಮಾಡಲ್ಲ. ಆದ್ರೆ ಆ ಎಂಟು ಲಕ್ಷ ನನ್ ಭಾಗಕ್ಕೆ ಮುಂಗಡ ಅಂತ ಬರೀಬೇಕು. ಬಿಲ್ಡರ್ ಕೊಡೋ ಫ್ಲ್ಯಾಟಲ್ಲಿ ಒಂದು ನನ್ ಹೆಸ್ರಿಗೆ ಬರ್ಬೇಕು."

"ಯಾರ್ ಹೇಳ್ಕೊಟ್ರು ನಿಂಗೆ ಇದೆಲ್ಲ?"

"ಯಾರೂ ಇಲ್ಲ."

ಅನಂತರಾಜು ಕಾಗದಗಳನ್ನು ಮಡಚಿದ. ಸಾಲ ಇರುವವಳು ಎಷ್ಟು ದಿನ ಕಾಯುತ್ತಾಳೆ ಎಂಬ ಲೆಕ್ಕ ಅವನ ಮುಖದ ಮೇಲೇ ಇತ್ತು. ಆಗ ವೆಂಕಟಲಕ್ಷ್ಮಮ್ಮ ಕಾಯಿಯಿಂದ ಕಣ್ಣೆತ್ತದೆ ಕೇಳಿದರು:

"ಅದ್ಕೆ ನನ್ನ ಎಬ್ಬೆಟ್ಟೂ ಬೇಕಲ್ವೇನಪ್ಪಾ?"

"ಬೇಕು ಕಣವ್ವ."

"ಇವ್ಳ್ದು ಏನಾಯ್ತದೆ ನೋಡ್ಕಂಡು ಆಮ್ಯಾಕೆ ಆಕ್ತೀನಿ."

ಅತ್ತಿಗೆ ಅಂದು ಕಾಫಿಗೂ ಕರೆಯಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಪದ್ಮಶ್ರೀ ಲೆಕ್ಕ ಹಾಕಿದಳು. ಅಣ್ಣ ಸಿಟ್ಟಿನಲ್ಲಿ ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಎಂಟು ಲಕ್ಷವೂ ಇಲ್ಲ, ತವರೂ ಇಲ್ಲ. ಮುಂದಿನ ತಿಂಗಳ ಕನಿಷ್ಠ ಪಾವತಿಗೆ ಅವಳು ಕಿವಿಯೋಲೆ ಅಡವಿಟ್ಟಳು.

ಅನಂತರಾಜು ಬಹಳ ದಿನ ಫೋನೂ ಮಾಡಲಿಲ್ಲ. ಕೊನೆಗೆ ಬಿಲ್ಡರ್ ಕಡೆಯವರು ಅವಸರ ಮಾಡಿದ ಮೇಲೆ ಒಪ್ಪಿದ. ಹಿಂಬದಿಯ, ಎಲ್ಲಕ್ಕಿಂತ ಚಿಕ್ಕ ಫ್ಲ್ಯಾಟು ಅವಳ ಹೆಸರಿಗೆ ಬರೆಸಿದ. ಹಾಗೆ ನೋಡಿದರೆ ಅದೂ ಅವಳ ಪೂರ್ತಿ ಭಾಗವಲ್ಲ. ಪದ್ಮಶ್ರೀ ಓದಿ ನೋಡಿ ಸಹಿ ಹಾಕಿದಳು. ಅವಳ ಪಕ್ಕದಲ್ಲೇ ತಾಯಿ ಹೆಬ್ಬೆಟ್ಟು ಒತ್ತಿದರು.

ದುಡ್ಡು ಖಾತೆಗೆ ಬಂದ ದಿನ ಪಕ್ಕದ ಅಂಗಡಿಯ ಟೈಲರ್ ಅತಾವುಲ್ಲಾ ಒಂದು ಉಪಾಯ ಹೇಳಿದ. ವೇಷಗಳನ್ನು ಹೊಲಿದುಕೊಡುವವನು ಅವನೇ. ಅವಳ ಸಾಲದ ವಿಷಯ ಅವನಿಗೆ ಮೊದಲಿನಿಂದ ಗೊತ್ತಿತ್ತು.

"ಪೂರ್ತಿ ಕಟ್ಬೇಡಿ ಅಕ್ಕ. ಒಂದಷ್ಟು ತಿಂಗಳು ಏನೂ ಕಟ್ದೆ ಸುಮ್ನಿರಿ. ಬ್ಯಾಂಕೋರೇ ಬಂದು ಅರ್ಧಕ್ಕೆ ಸೆಟ್ಲ್ ಮಾಡ್ಕೊಳ್ಳಿ ಅಂತಾರೆ. ನಮ್ ಭಾಮೈದ ರಿಯಾಜ್ ಹಂಗೇ ಮಾಡಿದ್ದು."

ಪದ್ಮಶ್ರೀಗೆ ಆಸೆಯಾಗದೆ ಇರಲಿಲ್ಲ. ಇಷ್ಟು ವರ್ಷ ನಿಯತ್ತಾಗಿ ಕಟ್ಟಿದವಳಿಗೆ ಒಂದು ರೂಪಾಯಿ ರಿಯಾಯಿತಿ ಇಲ್ಲ, ಕಟ್ಟದೆ ಕೂತವನಿಗೆ ಅರ್ಧ ಮಾಫಿ. ಇದು ಯಾವ ನ್ಯಾಯ ಎಂದು ಸಿಟ್ಟೂ ಬಂತು.

"ಆಮೇಲೆ ರಿಯಾಜ್‌ಗೆ ಏನಾಯ್ತು?" ಎಂದು ಕೇಳಿದಳು.

ಅತಾವುಲ್ಲಾ ದಾರ ಕಚ್ಚಿ ತುಂಡು ಮಾಡಿದ. "ಆಟೋಗೆ ಲೋನ್ ಕೇಳ್ದ, ಯಾವ ಬ್ಯಾಂಕೂ ಕೊಡ್ಲಿಲ್ಲ. ಅದೊಂದಿದೆ ನೋಡಿ."

ಬ್ಯಾಂಕಿನ ವಸೂಲಿಯವರು ಅಂಗಡಿಗೆ ಬಂದು, ಸಾಲಾಗಿ ನಿಂತ ತಾಯಂದಿರ ಎದುರು ತನ್ನ ಹೆಸರು ಹಿಡಿದು ಕೂಗುವುದನ್ನು ಪದ್ಮಶ್ರೀ ಒಮ್ಮೆ ಊಹಿಸಿಕೊಂಡಳು. ಆಮೇಲೆ ಮೊದಲ ಬ್ಯಾಂಕಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಬಹಳ ನಯವಾಗಿ, "ಒಂದೇ ಸಲ ಯಾಕೆ ಕಟ್ತೀರಾ ಮೇಡಂ, ಕಂತು ಮಾಡ್ಕೊಡ್ತೀವಿ," ಎಂದಳು.

"ಬೇಡಮ್ಮ. ಇವತ್ತಿಗೆ ಒಟ್ಟು ಎಷ್ಟಾಗುತ್ತೆ, ಅದು ಹೇಳಿ."

ಮಧ್ಯಾಹ್ನದೊಳಗೆ ಮೂರೂ ಕಾರ್ಡಿನ ಬಾಕಿ ಕಟ್ಟಿ ಮುಗಿಸಿದಳು. ದೊಡ್ಡ ಸಂತೋಷ ಉಕ್ಕುತ್ತದೆ ಎಂದುಕೊಂಡಿದ್ದಳು. ಉಕ್ಕಲಿಲ್ಲ. ತುಂಬಾ ಹಸಿವಾಯಿತು, ಅಷ್ಟೆ. ಬುತ್ತಿ ಬಿಚ್ಚಿ ಚಿತ್ರಾನ್ನವನ್ನು ಒಂದು ಅಗುಳೂ ಬಿಡದೆ ತಿಂದಳು.

ಮರುತಿಂಗಳು ಒಂದು ಬ್ಯಾಂಕಿನಿಂದ ಮತ್ತೆ ಬಿಲ್ಲು ಬಂತು. ಹಿಂದಿನ ಬಿಲ್ಲು ಬಂದ ದಿನದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿಯಂತೆ. ಅದನ್ನೂ ಮುಟ್ಟಿಸಿ, ಕಾರ್ಡು ರದ್ದು ಮಾಡಿಸಿ, ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವವರೆಗೂ ಬಿಡಲಿಲ್ಲ. ಉಳಿದ ದುಡ್ಡಿನಲ್ಲಿ ಓಲೆ ಬಿಡಿಸಿಕೊಂಡಳು, ಇಲಿ ಕಡಿದಿದ್ದ ಹಳೆಯ ವೇಷಗಳ ಬದಲು ಹೊಸ ಬಟ್ಟೆ ತಂದಳು, ಮಿಕ್ಕಿದ್ದನ್ನು ತನ್ನ ಹೆಸರಿನಲ್ಲೇ ಠೇವಣಿ ಇಟ್ಟಳು. ಜಮೀನಿನಲ್ಲಿ ಇನ್ನೂ ಕಂಬಗಳಷ್ಟೇ ಎದ್ದಿವೆ. ಫ್ಲ್ಯಾಟು ಯಾವಾಗ ಕೈಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ಅನಂತರಾಜು ತಂಗಿಯ ಮನೆಗೆ ಬರಲಿಲ್ಲ. ಬೆಳಿಗ್ಗೆ ಅವನಿಂದ ಸಾವಿರ ರೂಪಾಯಿ ಮೊಬೈಲಿಗೆ ಬಂತು, ಜೊತೆಯಲ್ಲಿ ಒಂದು ಮಾತೂ ಇಲ್ಲ. ಪದ್ಮಶ್ರೀ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದಳು. ಆಮೇಲೆ ತಾನೇ ಕರೆ ಮಾಡಿದಳು.

"ಅಣ್ಣ, ತಿಂಡಿ ಆಯ್ತಾ?"

"ಈಗ ಆಯ್ತು," ಎಂದ ಅನಂತರಾಜು. "ಅವ್ವ ನಿನ್ನೇ ಕೇಳ್ತಾ ಅವ್ಳೆ. ತಡಿ, ಕೊಡ್ತೀನಿ."