ನಡು ತೆರೆದಿದ್ದ ಕೌದಿ

ನಾನು ಬಿ.ಎ. ಆಗುವುದಿಲ್ಲ ಎಂದು ಹೇಳಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಬೆನ್ನ ಹಿಂದೆ ಹೇಳಿದ ಮಾತಲ್ಲ. ಆದೋನಿಯ ನಮ್ಮ ಓಣಿಯಲ್ಲಿ, ಎದುರು ಮನೆಯ ಕಟ್ಟೆಯ ಮೇಲೆ ಐದಾರು ಹೆಂಗಸರು ಕೂತಿದ್ದಾಗ, ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳಿದಳು.

"ಈಕಿ ಒಂದು ಕೌದಿ ಮುಗಸಿಲ್ಲ. ಬಿ.ಎ. ಮುಗಸ್ತಾಳಂತ."

ಹೆಂಗಸರು ನಕ್ಕರು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಕೌದಿ ಮುಗಿದಿರಲಿಲ್ಲ.

ಅವ್ವ ತೀರಿಕೊಂಡ ವರ್ಷ ನನಗೆ ಹನ್ನೆರಡು. ಅವಳ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನ ಮೊದಲ ದಾರವನ್ನು ಅತ್ತೆ ನನ್ನ ಕೈಯಿಂದಲೇ ಹಾಕಿಸಿದ್ದಳು. ನಮ್ಮ ಓಣಿಯಲ್ಲಿ ಕೌದಿಯನ್ನು ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತಾ ಬರುತ್ತಿದ್ದರು. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಅರಿಸಿನ ಇಟ್ಟು ಹೊಲಿದು ಮುಚ್ಚಿದರೆ ಕೌದಿ ಮುಗಿಯಿತು. ಹಸಿದ ಕೌದಿಯನ್ನು ಯಾರೂ ಹೊದೆಯುವುದಿಲ್ಲ. ಹೊದ್ದವರಿಗೆ ಅದರ ಹಸಿವು ತಗಲುತ್ತದೆ ಎಂಬ ಮಾತು. ನಮ್ಮ ಮನೆಯಲ್ಲಿ ಇನ್ನೂ ಎರಡು ನೇಮಗಳಿದ್ದವು. ಮೊದಲ ದಾರ ಹಾಕಿದವರೇ ಹೊಟ್ಟೆ ಮುಚ್ಚಬೇಕು. ಒಂದು ಕೌದಿ ಹಸಿದಿರುವಾಗ ಮನೆಯಲ್ಲಿ ಇನ್ನೊಂದಕ್ಕೆ ಸೂಜಿ ಹಾಕಬಾರದು.

ನಾನು ನಾಲ್ಕು ಸುತ್ತು ಹೊಲಿದು ಅಲ್ಲಿಗೇ ನಿಲ್ಲಿಸಿದೆ. ಮೊದಮೊದಲು ಅವ್ವನ ಸೀರೆಗೆ ಸೂಜಿ ಚುಚ್ಚಲು ಕೈ ಏಳುತ್ತಿರಲಿಲ್ಲ. ಆಮೇಲೆ ಹೈಸ್ಕೂಲು, ಆಮೇಲೆ ಅನಂತಪುರದ ಕಾಲೇಜು. ಕೌದಿ ಮಡಚಿದ ಹಾಗೆಯೇ ಅಟ್ಟದ ಮೇಲೆ ಒಂಬತ್ತು ವರ್ಷ ಕೂತಿತು. ಓಣಿಗೆಲ್ಲ ಒಳ್ಳೆಯ ಕೈ ಎನಿಸಿಕೊಂಡ ಅತ್ತೆ ಬೇಸಿಗೆ ಬಂದರೆ ಮಂದಿಯ ಮನೆಗೆ ಹೋಗಿ ಕೌದಿ ಹೊಲಿದು ಬರುತ್ತಿದ್ದಳು. ನಮ್ಮ ಮನೆಯಲ್ಲಿ ಮಾತ್ರ ತೇಪೆಯ ಮೇಲೆ ತೇಪೆ ಬಿದ್ದದ್ದನ್ನು ಹೊದೆಯುತ್ತಿದ್ದೆವು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ನನ್ನನ್ನು ಸಾಕಿದವಳು. ಅವಳಿಗೆ ನನ್ನ ಮೇಲೆ ಇದ್ದ ದೂರು ಅದೊಂದೇ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ನಾನು ಮಾರ್ಚಿನಲ್ಲಿ ಬಿ.ಎ. ಪರೀಕ್ಷೆಗೆ ಕೂತೆ. ಮೇ ತಿಂಗಳ ಕೊನೆಗೆ ಫಲಿತಾಂಶ ಬಂತು. ಮಿಕ್ಕದ್ದೆಲ್ಲ ಪಾಸು, ಇಂಗ್ಲಿಷು ನಪಾಸು. ಅಪ್ಪ ಅರಳೆ ಜಿನ್ನಿನಲ್ಲಿ ಮೂಟೆ ಕಟ್ಟಿಸುವ ಮೇಸ್ತ್ರಿ. ಹೆಬ್ಬೆಟ್ಟು ಒತ್ತುವ ಮನುಷ್ಯ. "ಇನ್ನೊಮ್ಮೆ ಕೂಡಾಕ ಬರತೈತೋ ಇಲ್ಲೋ?" ಎಂದಷ್ಟೇ ಕೇಳಿದ. ಬರುತ್ತದೆ, ಸೆಪ್ಟೆಂಬರಿನಲ್ಲಿ ಎಂದೆ. "ಹಂಗಾದ್ರ ಕೂಡು," ಎಂದು ಕೈ ತೊಳೆಯಲು ಎದ್ದ.

ಓಣಿ ಅಷ್ಟಕ್ಕೆ ಬಿಡಲಿಲ್ಲ. ರಜೆಗೆ ಬಂದಾಗಲೆಲ್ಲ ನಾನು ಓಣಿಯ ಮೂವರು ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಆ ವರ್ಷ ಮೂವರೂ ಐದನೆಯ ತರಗತಿ ಮುಗಿಸಿದ್ದರು. ಆಗ ಐದರ ಮೇಲೆ ಹೈಸ್ಕೂಲೇ. ಜೂನಿಗೆ ಅಲ್ಲಿಗೆ ಸೇರಿಸುವ ಮಾತು ನಡೆದಿತ್ತು. ಮೂವರಲ್ಲಿ ಚುರುಕಿನವಳು ಎದುರು ಮನೆಯ ಗಾಣದವರ ಮಗಳು. ಅವಳ ತಾಯಿ ನಂದವರಂ ಕಡೆಯಾಕೆ. ಸಿಟ್ಟಿಗೆ ತೆಲುಗು, ಲೆಕ್ಕಕ್ಕೆ ತೆಲುಗು, ಉಳಿದದ್ದಕ್ಕೆ ಕನ್ನಡ. ಅವಳು ಒಪ್ಪಿದರೆ ಮಿಕ್ಕ ಇಬ್ಬರು ತಾಯಂದಿರೂ ಒಪ್ಪುತ್ತಿದ್ದರು. ಅವಳು ಅತ್ತೆಯನ್ನು ನಮ್ಮ ಬಾಗಿಲಲ್ಲೇ ತಡೆದಳು.

"ಕಾಲೇಜಿಗೆ ಹೋದ ನಿಮ್ಮ ಹುಡಿಗೀಗೇ ಆಗಲಿಲ್ಲ. ಮಾ ಅಮ್ಮಾಯಿಗೆ ಆಗತೈತೇನಕ್ಕಾ? ಸುಮ್ನ ಇನ್ನಾರು ವರ್ಷ ಯಾಕ ಕಳಸೋದು?"

"ಹೈಸ್ಕೂಲೇ ಬ್ಯಾರೆ, ಬಿ.ಎ.ನೇ ಬ್ಯಾರೆ," ಎಂದೆ ನಾನು ಒಳಗಿನಿಂದ.

"ನೀ ಸುಮ್ನಿರಮ್ಮಾ. ಮೊದಲು ನಿನ್ನ ಬಿ.ಎ. ಕಾಗದ ತಾ. ಅದನ್ನ ನನ್ನ ಕಣ್ಣಿಲೆ ನೋಡಿದ ವರ್ಷ ನಮ್ಮಾಕೀನ್ನ ಹೈಸ್ಕೂಲಿಗೆ ಕಳಸ್ತೀನಿ. ಅಲ್ಲಿಮಟ ಮನ್ಯಾಗ ಇರಲಿ. ಚೂಸ್ತಾಂಲೇ, ನೋಡೂಣು."

ಬಾಗಿಲ ಮರೆಯಲ್ಲಿ ಅವಳ ಮಗಳು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತಿದ್ದಳು. ನಾನು ಕಳೆದುಕೊಂಡದ್ದು ಆರು ತಿಂಗಳು. ಆ ಮೂವರಿಗೆ ಹೋದರೆ ಪೂರ್ತಿ ಓದೇ ಹೋಗುತ್ತಿತ್ತು. ನನಗೆ ಅದು ಆ ಗಳಿಗೆಯಲ್ಲಿ ತಿಳಿಯಿತು.

ಅತ್ತೆ ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಟ್ಟ ಹತ್ತಿ ಕೌದಿ ಇಳಿಸಿದಳು. ಪಡಸಾಲೆಯಲ್ಲಿ ಕೊಡವಿ ಹಾಸಿ, ಮೂವರು ಹುಡುಗಿಯರನ್ನೂ ಕರೆದು ಒಂದೊಂದು ಸೂಜಿ ಕೊಟ್ಟಳು.

"ಓದೋದು ಬಾಯಿಲೆ, ಹೊಲಿಯೋದು ಕೈಲೆ. ಎರಡೂ ಕೂಡೇ ಆಗತಾವ. ಕೂಡ್ರಿ."

"ಆಗಂಗಿಲ್ಲ ಅಂದಾಕಿ ನೀನೇ ಅಲ್ಲೇನತ್ತಿ?" ಎಂದೆ.

"ನಾ ಅನಬಹುದು. ಮಂದಿ ಅನಬಾರದು," ಎಂದು ಅಡುಗೆಮನೆಗೆ ಹೋದಳು.

ಬೇಸಿಗೆಯ ಕೊನೆಯ ದಿನಗಳು. ಬೆಳಗಾದರೆ ಕರಿಮಣ್ಣಿನ ಹೊಲಗಳ ಮೇಲಿಂದ ಬಿಸಿಗಾಳಿ. ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿ ಒಳಗೆ ಕೂರುತ್ತಿದ್ದೆವು. ಸಂಜೆಗೆ ಬಳ್ಳಾರಿ ಕಡೆಯಿಂದ ಮೋಡ ಬಂದು ಹೆದರಿಸಿ ಹೋಗುತ್ತಿತ್ತು. ಕೌದಿಯ ನಾಲ್ಕು ಕಡೆ ನಾವು ನಾಲ್ವರು. ಹುಡುಗಿಯರು ಹೊಲಿಗೆಗೊಂದರಂತೆ ಮಗ್ಗಿ ಹೇಳುತ್ತಿದ್ದರು. ಇಂಗ್ಲಿಷು ಅಕ್ಷರಗಳನ್ನು ಅರಿಸಿನದ ನೀರಲ್ಲಿ ಬಟ್ಟೆಯ ಮೇಲೆ ಬರೆದುಕೊಟ್ಟರೆ ಅದರ ಮೇಲೆಯೇ ದಾರ ಓಡಿಸುತ್ತಿದ್ದರು. ಅವ್ವನ ಕೆಂಪಂಚಿನ ಸೀರೆಯ ಮೂಲೆಯಲ್ಲಿ ಇಪ್ಪತ್ತಾರು ಅಕ್ಷರಗಳೂ ಬಂದವು. ಒಂದು ಮಾತ್ರ ತಿರುಗುಮುರುಗಾಗಿ. ಮಧ್ಯಾಹ್ನ ಅತ್ತೆ ಉಗ್ಗಾಣಿ ಮಾಡಿ ಮುಂದಿಡುತ್ತಿದ್ದಳು. ನೆನೆಸಿದ ಮಂಡಕ್ಕಿ, ಹುರಿಗಡಲೆ ಪುಡಿ, ಮೇಲೆ ಒಂದು ಮೆಣಸಿನಕಾಯಿ. ಆಗ ಮಾತ್ರ ನಮ್ಮ ಬಾಯಿ ಪಾಠ ಬಿಡುತ್ತಿತ್ತು.

ನಾಲ್ಕನೆಯ ದಿನ ತಪ್ಪು ನಡೆಯಿತು. ಗಾಣದವರ ಮಗಳು ಎಲ್ಲರಿಗಿಂತ ಮುಂದೆ ಓಡಿದ್ದಳು. ಅವಳನ್ನು ಹಿಡಿಯಲು ನಾವು ಮೂವರೂ ಓಡಿದೆವು. ಸಂಜೆ ನೋಡಿದರೆ ಕೌದಿಯ ನಡು ಪೂರಿಯ ಹಾಗೆ ಎದ್ದು ಕೂತಿತ್ತು. ಹಿಟ್ಟಿನ ಕೈಯಲ್ಲೇ ಬಂದ ಅತ್ತೆ ಸೊಂಟಕ್ಕೆ ಕೈಕೊಟ್ಟು ನೋಡಿದಳು.

"ಯಾರ ಬಸಿರಿದು? ತಿಂಗಳು ತುಂಬಿದಂಗೈತಲ್ಲ."

ಹುಡುಗಿಯರು ಕೌದಿಯ ಮೇಲೆ ಬಿದ್ದು ನಕ್ಕರು.

"ನಗಬ್ಯಾಡ್ರಿ. ಬಟ್ಟೀನೆಲ್ಲಾ ಅಂಚಿನಿಂದ ನಡುವಕ್ಕ ದಬ್ಬಿಕೊಂತ ಬಂದ್ರ ಉಬ್ಬಲಾರದ ಏನಾದೀತು? ಸುತ್ತಿಗೊಮ್ಮೆ ಅಂಗೈಲೆ ಸವರಿ ನೋಡಬೇಕು. ಮೂರು ಸುತ್ತು ಬಿಚ್ರಿ."

ದಾರ ಬಿಚ್ಚುವಾಗ ನನ್ನ ಪಕ್ಕ ಕೂತಳು. "ಆ ಪರೀಕ್ಷಿಯೊಳಗ ಏನಾತು ಹೇಳು. ನಿನಗ ಬರಲಿಲ್ಲೇನು?"

ಅಷ್ಟು ದಿನಕ್ಕೆ ಅದನ್ನು ಕೇಳಿದವಳು ಅವಳೊಬ್ಬಳೇ. "ಎಲ್ಲಾ ಬಂದಿತ್ತು, ಅತ್ತಿ. ಆರು ಪ್ರಶ್ನಿ, ಮೂರು ತಾಸು. ಬಂದದ್ದನ್ನೆಲ್ಲಾ ಮೊದಲಿನ ಎರಡಕ್ಕೇ ಬರದೆ. ಗಂಟಿ ಹೊಡದಾಗ ಕಡೀ ಎರಡು ಹಂಗೇ ಉಳದಿದ್ವು."

"ಎಲ್ಲಾ ಒಂದ ಕಡೆ ದಬ್ಬಿ ಬಂದಿ ಅನ್ನು," ಎಂದಳು. ಬೈಗುಳವಿರಲಿಲ್ಲ. ಕೌದಿಯನ್ನು ನೋಡಿದ ಕಣ್ಣಿನಲ್ಲೇ ನನ್ನನ್ನೂ ನೋಡಿದಳು. "ಒಂದು ಪ್ರಶ್ನಿಗೆ ಎಷ್ಟು ಹೊತ್ತು?"

"ಅರ್ಧ ತಾಸು."

ಮದುವೆಗಳ ಕಾಲ. ಹಾಲಹರವಿಯ ಒಂದು ಮದುವೆ ಮನೆಗೆ ಅತ್ತೆ ಖಡಕ್ ರೊಟ್ಟಿ ಬಡಿಯಲು ಒಪ್ಪಿಕೊಂಡಿದ್ದಳು, ಬುಟ್ಟಿಗಟ್ಟಲೆ ರೊಟ್ಟಿ. ಅಪ್ಪ ಜಿನ್ನಿನ ಗುಮಾಸ್ತರ ಕೈಗಡಿಯಾರವನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದ. ಅತ್ತೆ ಒಲೆಯ ಮುಂದೆ ಕೂತು ಬಡಿದಳು, ನಾನು ಮುಳ್ಳು ನೋಡಿದೆ. ಅರ್ಧ ತಾಸಿಗೆ ಹದಿನೈದು ರೊಟ್ಟಿ. ಗಡಿಯಾರ ಮರುದಿನ ವಾಪಸು ಹೋಯಿತು. ಲೆಕ್ಕ ಉಳಿಯಿತು: ಹದಿನೈದು ರೊಟ್ಟಿಗೆ ಒಂದು ಉತ್ತರ.

ದಿನಾ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೆ. ಯುದ್ಧದ ದೆಸೆಯಿಂದ ಬರೆಯುವ ಕಾಗದ ಸಿಗುತ್ತಿರಲಿಲ್ಲ. ಅರಳೆ ಮೂಟೆಗೆ ಅಂಟಿಸಿ ಉಳಿದ ಚೀಟಿಗಳನ್ನು ಅಪ್ಪ ತರುತ್ತಿದ್ದ. ಅವುಗಳ ಹಿಂಬದಿ ನನ್ನ ಉತ್ತರ ಪತ್ರಿಕೆ. ಚೀಟಿ ಸಣ್ಣದು. ಉದ್ದಕ್ಕೆ ಬರೆಯುವ ಚಟ ಅಲ್ಲೇ ಬಿಟ್ಟಿತು. ಬೆನ್ನ ಹಿಂದೆ ರೊಟ್ಟಿ ಬಡಿಯುವ ಸದ್ದು, ಹೆಂಚಿನ ಮೇಲೆ ನೀರು ಸವರಿದಾಗ ಏಳುವ ಆವಿಯ ವಾಸನೆ. ಹತ್ತನೆಯ ರೊಟ್ಟಿಗೆ ಅತ್ತೆ "ಹತ್ತಾತು" ಎನ್ನುತ್ತಿದ್ದಳು. ಹದಿನೈದಕ್ಕೆ ಹಿಟ್ಟಿನ ಕೈ ಚಾಚಿ ಚೀಟಿ ಕಸಿದುಕೊಳ್ಳುತ್ತಿದ್ದಳು. ವಾಕ್ಯ ಅರ್ಧಕ್ಕಿದ್ದರೂ ಬಿಡುತ್ತಿರಲಿಲ್ಲ. ಮೊದಲ ವಾರ ಒಂದು ಉತ್ತರವೂ ಮುಗಿಯಲಿಲ್ಲ. ಮೂರನೆಯ ವಾರ ಹದಿಮೂರನೆಯ ರೊಟ್ಟಿಗೇ ಮುಗಿಸಿ ಕೈ ಕಟ್ಟಿ ಕೂತೆ.

"ಏನ್ ಕೂತಿ? ಇನ್ನೂ ಎರಡು ರೊಟ್ಟಿ ಅದಾವ. ಬರದದ್ದನ್ನ ಸವರಿ ನೋಡು," ಎಂದಳು. ಅಂದಿನಿಂದ ಬರೆದದ್ದನ್ನು ಮತ್ತೆ ಓದುವುದು ಕಲಿತೆ. ನಾಲ್ಕು ವರ್ಷದ ಕಾಲೇಜು ನನಗೆ ಅದನ್ನು ಕಲಿಸಿರಲಿಲ್ಲ. ಹುಡುಗಿಯರ ಲೆಕ್ಕಗಳಿಗೂ ಅದೇ ಅಳತೆ ಬಂತು. "ಅಕ್ಕಾ, ಭಾಗಾಕಾರಕ್ಕ ಎಷ್ಟು ರೊಟ್ಟಿ?" ಎಂದು ಕೇಳುತ್ತಿದ್ದರು.

ಮೊದಲ ಮಳೆ ಬೀಳುವ ಹೊತ್ತಿಗೆ ಕೌದಿ ನಡುವಿಗೆ ಬಂತು. ಈ ಸಲ ಎಲ್ಲೂ ಉಬ್ಬಿರಲಿಲ್ಲ. ಅಂಗೈಯಷ್ಟು ಉಳಿದಾಗ ನಾನು ರೊಟ್ಟಿ ಚೂರು ತರಲು ಎದ್ದೆ. ಅತ್ತೆ ಸೂಜಿ ಇಸಿದುಕೊಂಡಳು.

"ಇಲ್ಲಿಗೆ ಸಾಕು. ಕಾಗದ ಬರಲಿ, ಆಮ್ಯಾಲೆ ಮುಚ್ಚುವಂತಿ."

"ಪಾಸಾಗದಿದ್ರ?"

"ಹಸದಿರತೈತಿ. ಒಂಬತ್ತು ವರ್ಷ ಇದ್ದದ್ದು."

ಸೆಪ್ಟೆಂಬರಿನಲ್ಲಿ ಅಪ್ಪನ ಜೊತೆ ರೈಲು ಹತ್ತಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಅನಂತಪುರಕ್ಕೆ ಹೋದೆ. ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪುಗಾಯಿ. ಪರೀಕ್ಷೆಯ ಕೋಣೆಯಲ್ಲಿ ದೊಡ್ಡ ಗಡಿಯಾರವಿತ್ತು. ನಾನು ಅದನ್ನು ಎರಡೇ ಸಲ ನೋಡಿದೆ. ಆರನೆಯ ಉತ್ತರ ಮುಗಿಸಿ, ಎಲ್ಲವನ್ನೂ ಮೊದಲಿನಿಂದ ಸವರಿ ನೋಡಿದ ಮೇಲೆ ಗಂಟೆ ಹೊಡೆಯಿತು.

ಚಳಿಗಾಲದಲ್ಲಿ ಪಾಸಾದವರ ನಂಬರುಗಳು ಪತ್ರಿಕೆಯಲ್ಲಿ ಬಂದವು. ನನ್ನದೂ ಇತ್ತು. ಅಪ್ಪ ಆ ಹಾಳೆಯನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ಜಿನ್ನಿಗೆ ಹೋದ. ಅರಳೆ ತಂದ ಮದ್ದಿಕೇರದ ರೈತರಿಗೂ ಬಿಚ್ಚಿ ತೋರಿಸಿದನಂತೆ. ಗಾಣದಾಕೆ ಮಾತ್ರ ಒಪ್ಪಲಿಲ್ಲ.

"ನಂಬರು ಯಾರದರ ಇರಬಹುದು. ಹೆಸರೆಲ್ಲೈತಿ? ನಾ ಕಾಗದ ಅಂದಿದ್ದೆ."

"ಆತು ತಂಗಿ. ಕಾಗದನ ಬರಲಿ," ಎಂದಳು ಅತ್ತೆ. ಆ ಚಳಿಯಲ್ಲೂ ನಾವು ಹಳೆಯ ತೇಪೆ ಕೌದಿಯನ್ನೇ ಹೊದ್ದೆವು. ಹುಡುಗಿಯರು ವರ್ಷವಿಡೀ ನನ್ನ ಹತ್ತಿರ ಬರುತ್ತಲೇ ಇದ್ದರು. ಅದಕ್ಕೆ ಅವರ ತಾಯಂದಿರು ಬೇಡವೆನ್ನಲಿಲ್ಲ.

ಕಾಗದ ಬಂದದ್ದು ಮರುವರ್ಷ, ಮತ್ತದೇ ಬೇಸಿಗೆಯ ಕೊನೆಯಲ್ಲಿ. ಅಂದು ಒಲೆಯ ಮುಂದೆ ಕೂತಿದ್ದವಳು ನಾನು. ಅತ್ತೆ ಹೊಸ್ತಿಲಲ್ಲಿ ಕೂತು ನನ್ನ ರೊಟ್ಟಿಗಳ ಓರೆಕೋರೆಗೆ ಹೆಸರಿಡುತ್ತಿದ್ದಳು. ಅಂಚೆಯವನು ರಿಜಿಸ್ಟರ್ ಲಕೋಟೆ ಹಿಡಿದು ಕೂಗಿದ. ಅತ್ತೆ ಕೈ ಚಾಚಿದಳು. "ನಿಮಗ ಕೊಡಾಕ ಬರಂಗಿಲ್ರಿ, ಹೆಸರಿನವ್ರೇ ಸಹಿ ಮಾಡಬೇಕು," ಎಂದ. ಹಿಟ್ಟಿನ ಕೈಯಲ್ಲೇ ಸಹಿ ಮಾಡಿದೆ. ಅವನ ಪುಸ್ತಕದಲ್ಲಿ ನನ್ನ ಹೆಬ್ಬೆರಳಿನ ಬಿಳಿ ಗುರುತೂ ಹೋಯಿತು. ನಮ್ಮ ಮನೆತನದಲ್ಲಿ ಸಹಿಯ ಪಕ್ಕಕ್ಕೆ ಹೆಬ್ಬೆಟ್ಟು ಬಿದ್ದದ್ದು ಅದೊಂದೇ ಸಲ.

ಒಳಗೆ ದಪ್ಪ ಕಾಗದ, ಕೆಳಗೆ ಮೊಹರು. ಕೈ ಒರೆಸಿಕೊಂಡು ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅವಳು ಓದುವವಳಲ್ಲ. ಬಟ್ಟೆ ನೋಡುವ ಹಾಗೆ ಅಂಚಿನಿಂದ ನಡುವಿನವರೆಗೆ ಅಂಗೈಯಿಂದ ಸವರಿದಳು. ಆಮೇಲೆ ಎದ್ದು ಓಣಿ ದಾಟಿ ಗಾಣದವರ ಕಟ್ಟೆಯ ಮೇಲೆ ಅದನ್ನು ಬಿಚ್ಚಿ ಹಿಡಿದಳು. ನಾನು ಹಿಂದೆಯೇ ಹೋದೆ.

"ಓದಿಸಿಕೋ, ತಂಗಿ."

ಗಾಣದಾಕೆ ಮಗಳನ್ನು ಕರೆದಳು. ಹುಡುಗಿ ಬಗ್ಗಿ, ಇಂಗ್ಲಿಷು ಅಕ್ಷರಗಳ ಮೇಲೆ ಬೆರಳಿಟ್ಟು, ದಾರ ಓಡಿಸುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದಳು. ಆಮೇಲೆ ಅಪ್ಪನ ಹೆಸರು. ಒಂದು ಕಡೆಯೂ ತಪ್ಪಲಿಲ್ಲ. ಅವಳ ತಾಯಿ ಕಾಗದವನ್ನು ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದಳು. ನಾನು ನನ್ನ ಬಾಳಿನಲ್ಲಿ ಆಮೇಲೆ ನೂರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ. ಅಷ್ಟು ಚೆನ್ನಾಗಿ ಓದಿದ್ದನ್ನು ಮತ್ತೆ ಕೇಳಿಲ್ಲ.

ಅತ್ತೆ ಕಾಗದ ಮಡಚದೆ ನನ್ನ ಕೈಗಿತ್ತಳು. "ಒಳಗ ಹೋಗು. ಬಿಸಿ ರೊಟ್ಟಿ ಒಂದು ಚೂರು ಮುರಿ, ಸೂಜಿ ಪೋಣಿಸು, ಅದರ ಹೊಟ್ಟಿ ಮುಚ್ಚು," ಎಂದಳು. ಆಮೇಲೆ ಗಾಣದಾಕೆಯ ಕಡೆ ತಿರುಗಿದಳು.

"ನಾ ಅಂದದ್ದು ಸುಳ್ಳಾತು ನೋಡು, ತಂಗಿ. ಈಗ ನೀ ಅಂದದ್ದು ಖರೆ ಮಾಡು. ಸಾಲಿ ತೆಗಿಯೋ ದಿನ ಹುಡಿಗಿ ತಲಿ ಬಾಚಿಡು. ಬುತ್ತಿಗೆ ರೊಟ್ಟಿ ನಾ ಕೊಡತೀನಿ."